ಖಾಲಿ ಬಿಟ್ಟ ಮ್ಯಾಕ್ರೋ

ಹರಿಹರದಿಂದ ನಂದಿಗುಡಿ ಕಡೆಗೆ ಹೋಗುವ ರಸ್ತೆಯಲ್ಲಿ ಮಾಲತೇಶಪ್ಪನವರ ಅಕ್ಕಿ ಗಿರಣಿ ಇದೆ. ಅದರ ಗೇಟು ಕಾಯುತ್ತಿದ್ದವರು ಕಲ್ಲಪ್ಪ. ಲಾರಿಯನ್ನು ಒಳಗೆ ಬಿಟ್ಟು, ಚಿಲಕ ಹಾಕಿ, ಬಂದು ಸ್ಟೂಲಿನ ಮೇಲೆ ಕೂರುವರು. ಕೂತ ಬೆನ್ನಿಗೇ ಎದ್ದು ಹೋಗಿ ಚಿಲಕ ಮುಟ್ಟಿ ನೋಡುವರು. ಮತ್ತೆ ಕೂರುವರು, ಮತ್ತೆ ಏಳುವರು. “ಹಾಕೀನೇನೋ ತಮ್ಮಾ?” ಅಂತ ಪಕ್ಕದ ಚಹಾದಂಗಡಿಯವನನ್ನು ಕೇಳುವರು. ಹಮಾಲರಿಗೆ ಇದೊಂದು ತಮಾಷೆ. ಯಂತ್ರದ ಸರ್ವಿಸಿಗೆಂದು ಗಿರಣಿಗೆ ಹೋದಾಗಲೆಲ್ಲ ಅದನ್ನು ನೋಡಿ ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಹಿಂದೆ ಅವರು ಅದೇ ಗಿರಣಿಯ ಆಪರೇಟರ್. “ಕಲ್ಲಪ್ಪ ನೋಡಿದ ಮ್ಯಾಲೆ ಇನ್ಯಾರೂ ನೋಡೋದು ಬ್ಯಾಡ” ಎಂದು ಮಾಲತೇಶಪ್ಪನವರೇ ಹೇಳುತ್ತಿದ್ದರು. ಹೋದ ವರ್ಷ ಸುಗ್ಗಿಯ ಹೊತ್ತಿನಲ್ಲಿ, ಭತ್ತ ಮೇಲೆತ್ತುವ ಎಲಿವೇಟರಿನ ಬುಡದಲ್ಲಿ ಹುಲ್ಲು ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಕೈ ಹಾಕುವ ಮೊದಲು ಪ್ಯಾನೆಲ್ಲಿನ ಕೆಂಪು ಲಾಕ್ ಗುಂಡಿ ಒತ್ತಬೇಕು. ಒತ್ತಿದ ಮೇಲೆ, ಬೀಗದಕೈ ಹಾಕಿ ತಿರುಗಿಸಿ ಬಿಡಿಸುವ ತನಕ ಮೋಟರು ತಿರುಗಬಾರದು. ಲಾಕ್ ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ಮೋಟರು ತಾನಾಗಿಯೇ ಶುರುವಾಗುತ್ತದೆ, ಲಾಕ್ ಇದ್ದರೆ ಆಗಲೂ ತಿರುಗಬಾರದು. ಕಲ್ಲಪ್ಪ ಕೈ ಹಾಕಿದರು. ಕರೆಂಟು ಹೋಯಿತು, ಬಂತು. ಬೆಲ್ಟು ತಿರುಗಿತು. ಬಲಗೈ ಮೊಣಕೈವರೆಗೆ ಹೋಯಿತು.

ಆ ಪ್ಯಾನೆಲ್ ಮಾಡಿದವರು ನಾವು. ನಾವು ಅಂದರೆ ನಮ್ಮ ಅಪ್ಪಾಜಿ ವಾಮದೇವಪ್ಪ, ವೈರಿಂಗ್ ಮಾಡುವ ನಯೀಮ್, ಮತ್ತೆ ಸ್ನೇಹಾ ಎಂಬ ನಾನು. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮೇಲೆ ಮನೆ, ಕೆಳಗೆ ವರ್ಕ್‌ಶಾಪು. ಸುತ್ತಮುತ್ತಲ ಗಿರಣಿಗಳಿಗೆ ಮೋಟರ್ ನಡೆಸುವ ಪ್ಯಾನೆಲ್ ಮಾಡಿಕೊಡುತ್ತೇವೆ. ಅದರೊಳಗಿನ ಕಂಪ್ಯೂಟರ್ ಚಿಪ್ಪಿಗೆ ಏನು ಮಾಡಬೇಕೆಂದು ಹೇಳುವ ಕೋಡನ್ನೆಲ್ಲ ಮೊದಲಿಂದಲೂ ಬರೆದವರು ಅಪ್ಪಾಜಿ. ಯಾರ ಹತ್ತಿರವೂ ಕಲಿಯದೆ, ತಾವೇ ತಲೆ ಕೆಡಿಸಿಕೊಂಡು ಕಲಿತವರು. ಹಾಗಾಗಿ ಅವರ ಕೋಡಿನಲ್ಲಿ ತಪ್ಪಿದೆ ಅನ್ನುವುದೂ, ಅವರ ಮುಖಕ್ಕೆ ಹೊಡೆಯುವುದೂ ಅವರಿಗೆ ಒಂದೇ. ಆ ಮೊಂಡುತನದಲ್ಲಿ ಅರ್ಧ ನನಗೂ ಬಂದಿದೆ ಎಂದು ನಮ್ಮಮ್ಮ ದಿನಾ ಎರಡು ಹೊತ್ತು ಹೇಳುತ್ತಾಳೆ.

ಅಪಘಾತದ ಮಾರನೆಯ ದಿನ ಅಪ್ಪಾಜಿ ಗಿರಣಿಗೆ ಹೋದರು, ಜೊತೆಗೆ ನಾನೂ. ಅಂಗಳದ ತುಂಬ ಜನ. ಕಲ್ಲಪ್ಪನ ಹೆಂಡತಿ ತಿಮ್ಮವ್ವ ಆಸ್ಪತ್ರೆಯಿಂದ ಬಂದು ಒಂದು ಕಡೆ ನಿಂತಿದ್ದರು. ಅಪ್ಪಾಜಿ ಲಾಕ್ ಒತ್ತಿ, ಸ್ಟಾರ್ಟ್ ಒತ್ತಿದರು. ಮೋಟರು ಮಿಸುಕಲಿಲ್ಲ.

“ಒಂದ್ಸಲ ಕರೆಂಟ್ ತೆಗೆದು ಹಾಕಿ ನೋಡ್ರಿ” ಎಂದ ಒಬ್ಬ ಹಮಾಲ.

“ಅದನ್ನ ನಮ್ಮ ವರ್ಕ್‌ಶಾಪ್‌ನಾಗೆ ಬೇಕಾದಷ್ಟು ಸಲ ನೋಡೀವಿ. ಅಲ್ಲಿರೋದೂ ಇದೇ ಕೋಡು, ಇಲ್ಲಿರೋದೂ ಇದೇ ಕೋಡು” ಎಂದರು ಅಪ್ಪಾಜಿ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಲಾಕ್ ಒತ್ತಿದ್ರೆ ಮೋಟರ್ ತಿರುಗಂಗೇ ಇಲ್ಲ. ಕಲ್ಲಪ್ಪ ಒತ್ತಿಲ್ಲ, ಅದಕ್ಕೇ ತಿರುಗೈತೆ.”

ಮಾಲತೇಶಪ್ಪನವರು “ಹೋಗ್ಲಿ ಬಿಡ್ರಿ, ಮನುಷ್ಯನೇ ಅಲ್ವಾ, ಮರೆತಿರ್ತಾನೆ” ಅಂದರು. ಕಲ್ಲಪ್ಪ ಮರೆತ ಎಂಬುದು ಅವತ್ತಿಗೆ ಖಾಯಂ ಆಯಿತು.

ಆಸ್ಪತ್ರೆಯಲ್ಲಿ ಮೊದಮೊದಲು ಕಲ್ಲಪ್ಪ “ನಾನು ಒತ್ತಿದ್ದೆ” ಅನ್ನುತ್ತಿದ್ದರಂತೆ. ಕೆಲವು ದಿನಕ್ಕೆ “ಒತ್ತಿರಬೇಕು” ಅಂದರಂತೆ. ಮನೆಗೆ ಬರುವ ಹೊತ್ತಿಗೆ “ಯಾವನಿಗೆ ಗೊತ್ತು” ಅನ್ನುತ್ತಿದ್ದರಂತೆ. ತಿಮ್ಮವ್ವ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ನನ್ನ ಕೈ ಹಿಡಿದುಕೊಂಡು ಇದನ್ನೆಲ್ಲ ಹೇಳಿದರು. “ಕೈ ಹೋದ್ರೆ ಹೋಯ್ತು ಕಣವ್ವ, ಜೀವ ಉಳೀತಲ್ಲ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಸಾರಿಗೆ ಉಪ್ಪು ಹಾಕೊಂಡಿದ್ನಾ ಅಂತಾನೂ ನನ್ನೇ ಕೇಳ್ತಾರೆ. ಮೊಮ್ಮಗನ್ನ ಎತ್ಕೊಳಾಕೆ ಒಲ್ಲೆ ಅಂತಾರೆ, ಎಲ್ಲಿ ಕೂರಿಸಿದೆ ಅನ್ನೋದೇ ಮರೆತುಬಿಟ್ರೆ ಅಂತ.” ನನಗೆ ಅಯ್ಯೋ ಅನ್ನಿಸಿತು. ಆದರೆ ಅಪ್ಪಾಜಿಯ ಕೋಡನ್ನು ಅನುಮಾನಿಸಬೇಕು ಅಂತ ನನ್ನ ತಲೆಗೂ ಹೊಳೆಯಲಿಲ್ಲ.

ಈಗ ಆ ಕೋಡಿನ ಕಥೆ ಸ್ವಲ್ಪ ಹೇಳಬೇಕು. ನಮ್ಮ ಮೊದಲ ಪ್ಯಾನೆಲ್‌ಗಳಲ್ಲಿ ಒಂದು ಹಳೆಯ ಚಿಪ್ಪು ಇತ್ತು. ಅದು ಮಾರುಕಟ್ಟೆಯಲ್ಲಿ ಸಿಗದಂತಾಗಿ ಹೊಸ ಚಿಪ್ಪಿಗೆ ಹೋದೆವು. ಹೊಸ ಚಿಪ್ಪಿಗೆ ಹೊಸ ಕಂಪೈಲರ್. ಕಂಪೈಲರ್ ಅಂದರೆ ನಾವು ಬರೆದದ್ದನ್ನು ಚಿಪ್ಪಿಗೆ ತಿಳಿಯುವ ಹಾಗೆ ಮಾಡಿಕೊಡುವ ಸಾಫ್ಟ್‌ವೇರ್. ಕೋಡ್ ಬರೆಯುವ ಭಾಷೆ ಒಂದೇ ಆದರೂ ಒಂದೊಂದು ಕಂಪೈಲರಿಗೂ ತನ್ನದೇ ಆದ ಕೆಲವು ಪದಗಳಿರುತ್ತವೆ. ಇದರ ಪದ ಅದಕ್ಕೆ ತಿಳಿಯುವುದಿಲ್ಲ, ಎರರ್ ಎಂದು ಕೂಗುತ್ತದೆ. ಹಳೆಯ ಪ್ಯಾನೆಲ್‌ಗಳೂ ಇನ್ನೂ ಓಡುತ್ತಿದ್ದುದರಿಂದ ಎರಡಕ್ಕೂ ಬೇರೆ ಬೇರೆ ಕೋಡ್ ಇಟ್ಟುಕೊಳ್ಳುವುದು ಅಪ್ಪಾಜಿಗೆ ಬೇಡವಾಗಿತ್ತು. ಅದಕ್ಕೆ ಮ್ಯಾಕ್ರೋ ಮಾಡಿದರು. ತಕರಾರಿನ ಪದಗಳನ್ನೆಲ್ಲ ಒಂದು ಫೈಲಿಗೆ ತಂದು, ಅವಕ್ಕೆ ತಮ್ಮದೇ ಹೆಸರಿಟ್ಟು, ಹಳೆಯ ಕಂಪೈಲರ್ ಇದ್ದರೆ ಈ ಹೆಸರಿನ ಜಾಗದಲ್ಲಿ ಇದನ್ನು ಇಡು, ಇಲ್ಲದಿದ್ದರೆ ಅದನ್ನು ಇಡು ಎಂದು ಬರೆದರು. ಹೆಸರುಗಳೂ ಕನ್ನಡದವೇ: ತಡೆ, ಕಾಯಿಸು, ಉಳಿಸು. ಕೆಲಸ ಅಚ್ಚುಕಟ್ಟು, ಸುಳ್ಳು ಹೇಳಬಾರದು. “ಕೋಡ್ ಒಂದೇ, ಕಂಪೈಲರ್ ಎರಡು” ಎಂದು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು.

ಈ ವರ್ಷ ಎರಡನೆಯ ಚಿಪ್ಪೂ ಸಿಗದಂತಾಯಿತು. ಮೂರನೆಯದಕ್ಕೆ ಕೋಡ್ ಹೊಂದಿಸುವ ಕೆಲಸ ನನ್ನ ತಲೆಗೆ ಬಂತು. ಒಂದು ಬೆಳಿಗ್ಗೆ ಆ ಫೈಲ್ ತೆರೆದು, ಒಂದೊಂದೇ ಮ್ಯಾಕ್ರೋಗೆ ಮೂರನೆಯ ಕಂಪೈಲರಿನ ಪದ ಸೇರಿಸುತ್ತ ಹೋದೆ. ‘ಉಳಿಸು’ ಹತ್ತಿರ ಬಂದೆ. ‘ಹಳೆಯ ಕಂಪೈಲರ್ ಇದ್ದರೆ’ ಎಂಬುದರ ಕೆಳಗೆ ಅದರ ಪದ ಇತ್ತು. ‘ಇಲ್ಲದಿದ್ದರೆ’ ಎಂಬುದರ ಕೆಳಗೆ ಹೆಸರು ಮಾತ್ರ ಇತ್ತು, ಅದರ ಮುಂದೆ ಏನೂ ಇರಲಿಲ್ಲ.

ಖಾಲಿ ಬಿಟ್ಟರೆ ಕಂಪೈಲರ್ ಕೂಗುವುದಿಲ್ಲ. ಆ ಪದ ಅಲ್ಲಿ ಇರಲೇ ಇಲ್ಲ ಎಂಬಂತೆ ಮುಂದೆ ಹೋಗುತ್ತದೆ. ಎರರ್ ಬಾಯಿ ಮುಚ್ಚಿಸಲು ಎಷ್ಟೋ ಜನ ಹೀಗೆ ಮಾಡುತ್ತಾರೆ, ಎಷ್ಟೋ ಕಡೆ ಏನೂ ಆಗುವುದೂ ಇಲ್ಲ. ಆದರೆ ‘ಉಳಿಸು’ ಇದ್ದದ್ದು ಲಾಕಿಗಾಗಿ. ಕರೆಂಟು ಹೋಗಿ ಬಂದಾಗ, ನಮ್ಮ ಕೋಡಿನ ಮೊದಲ ಸಾಲಿಗೂ ಮುಂಚೆ, ಕಂಪೈಲರ್ ತಾನೇ ಸೇರಿಸಿದ ತುಣುಕೊಂದು ಮೆಮೊರಿಯನ್ನೆಲ್ಲ ಒರೆಸಿ ಸೊನ್ನೆ ಮಾಡುತ್ತದೆ. ಲಾಕ್ ಒತ್ತಿದ ಗುರುತು ಇರುವ ಜಾಗವನ್ನು ಮಾತ್ರ ಮುಟ್ಟಬೇಡ ಅನ್ನುವುದೇ ಆ ಪದದ ಕೆಲಸ. ಅದು ಅಳಿಯದಿರಲೆಂದೇ ಚಿಪ್ಪು ಇರುವ ಬೋರ್ಡಿನ ಮೇಲೆ ಒಂದು ಗುಂಡು ಬ್ಯಾಟರಿಯನ್ನೂ ಕೂರಿಸಿದ್ದೆವು. ಬ್ಯಾಟರಿ ಪಾಪ ಕಾಯುತ್ತಲೇ ಇತ್ತು. ಒರೆಸುತ್ತಿದ್ದವರು ನಾವೇ.

ವರ್ಕ್‌ಶಾಪಿನ ಟೇಬಲ್ ಮೇಲೆ ಯಾವಾಗಲೂ ಇರುತ್ತಿದ್ದದ್ದು ಮೊದಲ ಚಿಪ್ಪಿನ ಹಳೆಯ ಬೋರ್ಡು. ಏನೇ ಪರೀಕ್ಷೆ ಇದ್ದರೂ ಅದರ ಮೇಲೇ. ಕೋಡ್ ಒಂದೇ ತಾನೇ! ನಾನು ಕಪಾಟಿನಿಂದ ಎರಡನೆಯ ಚಿಪ್ಪಿನ ಹೊಸ ಬೋರ್ಡ್ ತೆಗೆದೆ. ಮಾಲತೇಶಪ್ಪನವರ ಗಿರಣಿಯಲ್ಲಿ ಇರುವಂಥದ್ದೇ. ಲಾಕ್ ಒತ್ತಿದೆ, ಕೆಂಪು ದೀಪ ಹತ್ತಿತು. ಸ್ವಿಚ್ ತೆಗೆದು ಹಾಕಿದೆ. ಕೆಂಪು ದೀಪ ಹತ್ತಲಿಲ್ಲ. ಮೋಟರಿಗೆ ಕರೆಂಟು ಬಿಡುವ ರಿಲೇ ಟಕ್ ಎಂದಿತು.

“ಅಪ್ಪಾಜಿ, ಬರ್ರಿ ಇಲ್ಲಿ.”

ಅವರು ಬಂದು ನೋಡಿದರು. ಇನ್ನೊಮ್ಮೆ ಮಾಡಿಸಿದರು. ಕನ್ನಡಕ ಹಾಕಿಕೊಂಡು ಸ್ಕ್ರೀನಿನ ಮೇಲಿನ ಆ ಸಾಲು ನೋಡಿದರು. ನಯೀಮ್ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ಹತ್ತಿರ ಬಂದ. ಅಪ್ಪಾಜಿ ಕನ್ನಡಕ ತೆಗೆದು, “ಆಮೇಲೆ ನೋಡಿ ತುಂಬೋಣ ಅಂತ ಬಿಟ್ಟಿದ್ದೆ. ಎರರ್ ಹೋತಲ್ಲ, ಮರೆತೆ” ಎಂದರು.

ಮರೆತೆ! ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಮೊದಲು ಮಾಡಬೇಕಾದ್ದನ್ನು ಮಾಡಿದೆವು. ಹೊಸ ಬೋರ್ಡ್ ಇರುವ ಗಿರಣಿಗಳಿಗೆಲ್ಲ ಫೋನ್ ಮಾಡಿ, ನಾವು ಬರುವ ತನಕ ಪ್ಯಾನೆಲ್ ಬಂದ್ ಇಡಿ, ಎಲಿವೇಟರಿಗೆ ಕೈ ಹಾಕಬೇಡಿ ಎಂದೆವು. ನಯೀಮ್ ಆಗಲೇ ಬೈಕ್ ಹತ್ತಿ ಆನಗೋಡಿನ ಕಡೆಯ ಪ್ಯಾನೆಲ್‌ಗಳನ್ನು ಬಂದ್ ಮಾಡಿಸಲು ಹೊರಟ. ನಾನು ಖಾಲಿ ಜಾಗಕ್ಕೆ ಸರಿಯಾದ ಪದ ತುಂಬಿದೆ. ಗುರುತಿಲ್ಲದ ಕಂಪೈಲರ್ ಬಂದರೆ ಸುಮ್ಮನೆ ಮುಂದೆ ಹೋಗದೆ ಅಲ್ಲೇ ಎರರ್ ಎಂದು ನಿಲ್ಲುವ ಹಾಗೂ ಬರೆದೆ. ಹೊಸ ಬೋರ್ಡಿಗೆ ಹಾಕಿ ಕರೆಂಟು ತೆಗೆದು ಹಾಕಿದರೆ ಕೆಂಪು ದೀಪ ಹತ್ತಿಕೊಂಡೇ ಬಂತು.

“ಸರಿ ಆತಲ್ಲ” ಎಂದರು ಅಪ್ಪಾಜಿ. “ಹರಿಹರಕ್ಕೂ ಹೋಗಿ ಹೊಸ ಕೋಡ್ ಹಾಕಿ ಬಾ. ಅಪ್‌ಡೇಟ್ ಅಂತ ಹೇಳಿದ್ರೆ ಸಾಕು.”

“ಮತ್ತೆ ಕಲ್ಲಪ್ಪನೋರಿಗೆ?”

ಅವರು ಬೋರ್ಡಿನ ವೈರು ಸುತ್ತತೊಡಗಿದರು.

“ಗಿರಣಿ ಎಲ್ಲಾ ಸರಿ ಹೋಗ್ತಾವೆ ಅಪ್ಪಾಜಿ. ಆ ಮನುಷ್ಯ? ಗೇಟ್ ಚಿಲಕ ಹಾಕಿದ್ನಾ ಇಲ್ವಾ ಅಂತ ಸಾಯೋ ತನಕ ಎದ್ದು ಎದ್ದು ನೋಡ್ಬೇಕಾ? ಅದಕ್ಕೆ ಯಾವ ಅಪ್‌ಡೇಟ್ ಹಾಕ್ತೀರಿ, ಹೇಳ್ರಿ!”

“ದನಿ ಇಳಿಸು.”

“ಇಳಿಸಲ್ಲ. ನೀವು ಹೇಳದಿದ್ರೆ ನಾನೇ ಹೇಳ್ತೀನಿ. ಆದ್ರೆ ನಾನು ಹೇಳಿದ್ರೆ ಅವ್ರು ನಂಬಲ್ಲ. ಒತ್ತಿಲ್ಲ ಅಂದೋರು ನೀವು.”

ಅಪ್ಪಾಜಿ ಎದ್ದು ಮೇಲೆ ಹೋದರು. ನಾನು ಕೆಳಗೆ ಕೂತು ಅತ್ತೆ. ಯಾಕೆ ಅಂದರೆ, ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಬಿಳಿ ಅಂಗಿ ಹಾಕಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು ನಿಂತಿದ್ದರು. “ಬೋರ್ಡ್ ತಗಾ. ಹೋಗಾನ” ಎಂದರು.

ಗಿರಣಿ ತಲುಪಿದಾಗ ಊಟದ ಹೊತ್ತು. ತಿಮ್ಮವ್ವ ಬುತ್ತಿ ತಂದಿದ್ದರು. ಗಂಡ ಹೆಂಡತಿ ಗೇಟಿನ ನೆರಳಿನಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಕಲ್ಲಪ್ಪ ಎಡಗೈ ಊರಿ ಎದ್ದರು. “ಬರ್ರಿ ವಾಮದೇವಪ್ನೋರೆ, ಊಟ ಮಾಡಾನ ಬರ್ರಿ” ಎಂದರು. ಅಪ್ಪಾಜಿ ನಿಂತೇ ಇದ್ದರು. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಏನೇನೋ ಜೋಡಿಸಿಕೊಂಡಿದ್ದರು. ಅದೊಂದೂ ಬಾಯಿಗೆ ಬರಲಿಲ್ಲ.

“ಕಲ್ಲಪ್ನೋರೆ, ಅವತ್ತು ನೀವು ಲಾಕ್ ಒತ್ತಿದ್ರಿ. ನಮ್ಮ ಬೋರ್ಡು ಅದನ್ನ ಅಳಿಸಿಬಿಡ್ತು. ಕರೆಂಟ್ ಹೋಗಿ ಬಂದ್ರೆ ಅಳಿಸ್ತೈತೆ ಅಂತ ಇವತ್ತು ಗೊತ್ತಾತು. ತಪ್ಪು ನಂದು.”

ಕಲ್ಲಪ್ಪ ಅವರ ಮುಖವನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

ನಾನು ತಪ್ಪಿದ್ದ ಹಳೆಯ ಕೋಡನ್ನೇ ಹಾಕಿ ತಂದಿದ್ದ ಹೊಸ ಬೋರ್ಡನ್ನು ಚಹಾದಂಗಡಿಯ ಪ್ಲಗ್ಗಿಗೆ ಸಿಕ್ಕಿಸಿದೆ. “ನೀವೇ ಒತ್ತಿ ನೋಡ್ರಿ.” ಅವರು ಎಡಗೈ ಹೆಬ್ಬೆರಳಿನಿಂದ ಒತ್ತಿದರು. ಕೆಂಪು ದೀಪ ಹತ್ತಿತು. ಸ್ವಿಚ್ ತೆಗೆದು ಹಾಕಿದೆ. ದೀಪ ಇರಲಿಲ್ಲ, ರಿಲೇ ಟಕ್ ಎಂದಿತು. ಆ ಸದ್ದಿಗೆ ಅವರು ಬೆಚ್ಚಿ ಹಿಂದೆ ಸರಿದರು. “ಇನ್ನೊಂದ್ಸಲ” ಎಂದರು. ಮತ್ತೆ ಹಾಗೇ ಆಯಿತು. ಮತ್ತೆ ಒತ್ತಿದರು. ಎಷ್ಟು ಸಲ ಒತ್ತಿದರೋ ನಾನು ಎಣಿಸಲಿಲ್ಲ.

“ತಿಮ್ಮೀ” ಎಂದರು ಕೊನೆಗೆ. “ಒತ್ತಿದ್ದೆ ಕಣೇ.”

ತಿಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು, ಅಳುತ್ತಲೇ ಅಪ್ಪಾಜಿಯ ಕಡೆ ತಿರುಗಿದರು. “ಯಾಕ ಹಂಗಂದ್ರಿ ಅವತ್ತು? ಒಂದ್ಸಲ ಕರೆಂಟ್ ತೆಗೆದು ನೋಡಿ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ರಿ?” ಅಪ್ಪಾಜಿ ಕೈ ಮುಗಿದರು.

ಕಲ್ಲಪ್ಪ ಆ ಮುಗಿದ ಕೈಗಳನ್ನು ನೋಡಿದರು. “ನನಗೆ ಕೈ ಮುಗೀಬ್ಯಾಡ್ರಿ. ಕೈ ಹೋದ ಸಂಕಟ ನಾನು ಹೆಂಗೋ ನುಂಗಿದೆ. ಆದ್ರೆ ನನ್ನ ತಲೇನ ನಾನೇ ನಂಬದಂಗೆ ಆಗಿದ್ದೆ. ಅದು ನಿಮಗೆ ತಿಳಿಯಂಗಿಲ್ಲ.” ಎಡಗೈಯಿಂದ ಅಂಗಳ ತೋರಿಸಿ, “ಒತ್ತಿಲ್ಲ ಅಂತ ಅಂಗಳದಾಗೆ ನಿಂತು ಹೇಳಿದ್ರಿ. ಒತ್ತಿದ್ದ ಅನ್ನೋದನ್ನೂ ಅಲ್ಲೇ ನಿಂತು ಹೇಳ್ರಿ” ಎಂದರು.

ಅಪ್ಪಾಜಿ ತಲೆಯಾಡಿಸಿ ಒಳಗೆ ನಡೆದರು. ಊಟಕ್ಕೆ ಕೂತಿದ್ದ ಹಮಾಲರು, ಲಾರಿಯವರು, ಆಫೀಸಿನಿಂದ ಹೊರಗೆ ಬಂದ ಮಾಲತೇಶಪ್ಪನವರು, ಎಲ್ಲರೂ ಇದೇನು ಎಂದು ನೋಡಿದರು. ಅಪ್ಪಾಜಿ ಎಲಿವೇಟರಿನ ಪಕ್ಕ ನಿಂತರು. ಅವರ ದನಿ ಹತ್ತಿರದವರಿಗಷ್ಟೇ ಕೇಳುವಂತಿತ್ತು. “ಕಲ್ಲಪ್ನೋರು ಅವತ್ತು ಲಾಕ್ ಒತ್ತಿದ್ರು. ನಾನು ಬರೆದ ಕೋಡು ತಪ್ಪಿತ್ತು. ಅವರು ಮರೆತಿರಲಿಲ್ಲ.”

ಇಷ್ಟು ದಿನ ಕಲ್ಲಪ್ಪನನ್ನು ನೋಡಿ ನಗುತ್ತಿದ್ದ ಹಮಾಲರೆಲ್ಲ ತಲೆ ತಗ್ಗಿಸಿದರು. ನಾನು ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಕಲ್ಲಪ್ಪ ಅಂಗಳದ ನಡುವೆ ನೆಟ್ಟಗೆ ನಿಂತಿದ್ದರು.

“ಇನ್ನೊಂದ್ಸಲ ಹೇಳ್ರಿ ವಾಮದೇವಪ್ನೋರೆ” ಎಂದರು. “ಗೋದಾಮಿನ ಕಡೆಯೋರಿಗೆ ಕೇಳಿಲ್ಲ.”

ಅಪ್ಪಾಜಿ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗೋದಾಮಿನ ಕಡೆ ತಿರುಗಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, ಮೊದಲಿಂದ ಹೇಳತೊಡಗಿದರು.