ಯಜಮಾನಿ ಹಾಲು ಕುಡಿಯುವ ಹೊತ್ತು

ನಮ್ಮ ಮನೆಯ ಯಜಮಾನಿಗೆ ಆಗ ನಾಲ್ಕು ತಿಂಗಳು. ಯಜಮಾನಿ ಅಂದರೆ ನನ್ನ ಮೊಮ್ಮಗಳು. ಅವಳು ಕಣ್ಣು ಬಿಟ್ಟರೆ ನಾವು ಏಳಬೇಕು, ಅವಳು ಮುಖ ಸಿಂಡರಿಸಿದರೆ ನಾವು ಓಡಬೇಕು. ಅಂಥವಳನ್ನು ಮತ್ತೇನೆಂದು ಕರೆಯುವುದು? ಅಧಿಕಾರ ಅಷ್ಟಿದ್ದರೂ ದನಿ ಮಾತ್ರ ಬೆಕ್ಕಿನ ಮರಿಯದು, ಮೈ ಅದಕ್ಕಿಂತ ಹಗುರ. ಹುಟ್ಟುವಾಗಲೇ ಅವಳ ಹೃದಯದಲ್ಲೊಂದು ತೂತು ಇತ್ತು. ಆಪರೇಷನ್ ಮಾಡಿ ಮುಚ್ಚೋಣ, ಆದರೆ ಮೊದಲು ಮಗು ಐದು ಕಿಲೋ ಮುಟ್ಟಲಿ, ಮೈಗೆ ತಡೆಯುವ ಶಕ್ತಿ ಬರಲಿ ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಒಂದು ಸಲ ದಿನ ಗೊತ್ತುಮಾಡಿ, ತೂಕ ಸಾಲದೆ ಮುಂದಕ್ಕೆ ಹಾಕಿಯೂ ಆಗಿತ್ತು.

ಐದು ಕಿಲೋ ಏನು ಮಹಾ! ನಾನು ಗೋಡೆಗಳಿಗೆ ಬಣ್ಣ ಹೊಡೆಯುವವನು. ಒಂದು ಕೈಯಲ್ಲಿ ತುಂಬಿದ ಡಬ್ಬ, ಇನ್ನೊಂದರಲ್ಲಿ ಏಣಿ, ಹಲ್ಲಿನಲ್ಲಿ ಬ್ರಷ್ ಕಚ್ಚಿಕೊಂಡು ಆರು ಮಹಡಿ ಹತ್ತಿದವನು. ಏಳನೆಯದನ್ನೂ ಹತ್ತುತ್ತಿದ್ದೆ, ಅಷ್ಟರಲ್ಲಿ ಕಟ್ಟಡ ಮುಗಿದುಹೋಯಿತು. ಆದರೆ ನಮ್ಮ ಯಜಮಾನಿಗೆ ಹಾಲು ಕುಡಿಯುವುದೇ ಆರು ಮಹಡಿ. ನಾಲ್ಕು ಗುಟುಕು ಎಳೆಯುವಷ್ಟರಲ್ಲಿ ಹಣೆಯೆಲ್ಲ ಬೆವರು, ಏದುಸಿರು, ಆಮೇಲೆ ಬಾಟಲಿ ಬಾಯಲ್ಲಿರುವಾಗಲೇ ನಿದ್ದೆ. ಕುಡಿದ ಹಾಲಿನ ಬಲ ಕುಡಿಯುವ ಕೆಲಸಕ್ಕೇ ಖರ್ಚು.

ಅದಕ್ಕೇ ಅವಳನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಅಲ್ಲಿನ ನರ್ಸಮ್ಮನಿಗೆ ನಾನಿಟ್ಟ ಹೆಸರು ತಕ್ಕಡಿ ಸಿಸ್ಟರ್. ಮಕ್ಕಳನ್ನು ತೂಗುವಾಗ ಆಕೆಯ ಮುಖ ನೋಡಬೇಕು, ಚಿನ್ನದಂಗಡಿಯವರೂ ಅಷ್ಟು ಬಿಗಿಯಾಗಿ ತೂಗುವುದಿಲ್ಲ. ಹಾಲು ಕುಡಿಸುವುದನ್ನು ಆಕೆಯೇ ನನಗೆ ಕಲಿಸಿದಳು. ನನ್ನ ಮಗಳು ಹಾಲು ಹಿಂಡಿ ಕೊಡುವುದು, ಅದಕ್ಕೆ ಸಿಸ್ಟರ್ ಬಲದ ಪುಡಿ ಅಳೆದು ಬೆರೆಸುವುದು, ನಾನು ಕುಡಿಸುವುದು. ಮಗುವಿನ ತಲೆ ಎತ್ತರಕ್ಕಿರಬೇಕು. ಸ್ವಲ್ಪ ಕುಡಿಸಿ ಬಾಟಲಿ ತೆಗೆಯಬೇಕು, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಕೊಡಬೇಕು. ಅರ್ಧ ಗಂಟೆಯಾದರೂ ಉಳಿದದ್ದನ್ನು ಮೂಗಿನಲ್ಲಿ ಇಳಿಸಿದ ಸಣ್ಣ ನಳಿಗೆಯಿಂದ ಸಿಸ್ಟರೇ ಹೊಟ್ಟೆಗೆ ಬಿಡುತ್ತಿದ್ದಳು.

ಕೈ ಸುಮ್ಮನೆ ಬಾಟಲಿ ಹಿಡಿದಿರುವಾಗ ಬಾಯಿ ಸುಮ್ಮನಿರುತ್ತದೆಯೇ? ನಾನು ಕಥೆ ಹೇಳುತ್ತಿದ್ದೆ.

"ಒಂದ್ಸಲ ಏನಾಯ್ತು ಗೊತ್ತಾ ಯಜಮಾನಿ? ನೀರಿನ ಟ್ಯಾಂಕಿಗೆ ಕೆಂಪು ಬಣ್ಣ ಹೊಡೀತಾ ಇದ್ದೆ. ಎಂಥಾ ಎತ್ತರದ ಟ್ಯಾಂಕು! ಹದ್ದುಗಳೆಲ್ಲ ನನ್ನ ಕಾಲ್ ಕೆಳಗೇ ಹಾರ್ತಾ ಇದ್ವು. ಬ್ರಷ್ ಎತ್ತಿದ್ನೋ ಇಲ್ವೋ, ಮೋಡಕ್ಕೆ ತಗಲೇಬಿಡ್ತು! ಒರೆಸೋಣ ಅಂದ್ರೆ ಮೋಡ ನಿಲ್ಲುತ್ತಾ? ಅವತ್ತಿಂದ ನೋಡು, ಸಂಜೆ ಆದ್ರೆ ಮೋಡ ಕೆಂಪು!"

ಯಜಮಾನಿ ಬಾಟಲಿ ಬಿಟ್ಟು ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು. ಕೈಕಾಲು ನಾಲ್ಕೂ ಗಾಳಿಯಲ್ಲಿ. ಪಕ್ಕದ ಮಂಚಗಳ ತಾಯಂದಿರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ತಾತ, ಇನ್ನೊಂದು ಹೇಳಿ" ಅನ್ನುತ್ತಿದ್ದರು. ಕೇಳುವವರಿದ್ದರೆ ನನಗೆ ಕಥೆ ಉಕ್ಕಿಬರುತ್ತದೆ.

ವಾರ ಕಳೆದು ತೂಗಿದರೆ ತೂಕ ಏರುವುದಿರಲಿ, ಚೂರು ಇಳಿದಿತ್ತು. ಮಗಳ ಮುಖ ಬಾಡಿಹೋಯಿತು.

"ನಾನು ಹಿಂಡಿ ಹಿಂಡಿ ಕೊಡ್ತಾನೇ ಇದೀನಿ. ಎಲ್ಲಿ ಹೋಗುತ್ತಪ್ಪಾ ಈ ಹಾಲು? ಮತ್ತೆ ಮುಂದಕ್ಕೆ ಹಾಕಿದ್ರೆ ಏನ್ ಗತಿ?"

"ತಕ್ಕಡೀನೇ ಸರಿ ಇಲ್ಲ ಕಣೇ," ಅಂದೆ ನಾನು. "ಇದರ ಮೇಲೆ ಆನೆ ನಿಲ್ಸಿದ್ರೂ ನಾಲ್ಕೂವರೆ ಕಿಲೋನೇ ತೋರ್ಸುತ್ತೆ."

ಮುಂದಿನ ಸಲ ನಾನು ಹಾಲು ಕುಡಿಸುವಾಗ ಸಿಸ್ಟರ್ ಸ್ಟೂಲು ಎಳೆದುಕೊಂಡು ಎದುರೇ ಕೂತಳು. ಕಥೆ ಮೋಡದವರೆಗೆ ಬಂತು. ಯಜಮಾನಿ ನಕ್ಕಳು, ಒದ್ದಳು, ಕೆಮ್ಮಿದಳು, ಬೆವತಳು, ಸುಸ್ತಾಗಿ ಮಲಗಿದಳು. ಬಾಟಲಿಯಲ್ಲಿ ಹಾಲು ಹಾಗೇ ಇತ್ತು.

"ತಾತ, ತಕ್ಕಡಿದೇನೂ ತಪ್ಪಿಲ್ಲ," ಅಂದಳು ಸಿಸ್ಟರ್. "ತಪ್ಪೆಲ್ಲ ನಿಮ್ಮ ಬಾಯಿದು."

"ನನ್ನ ಬಾಯಿ ಏನ್ ಮಾಡ್ತು ತಾಯಿ?"

"ಅವಳು ಕುಡಿಯೋದು ಹನಿ, ನಕ್ಕು ಒದ್ದಾಡಿ ಖರ್ಚು ಮಾಡೋದು ಬಿಂದಿಗೆ. ನಳಿಗೇಲಿ ಬಿಟ್ಟಿದ್ದನ್ನೂ ಹಾಗೇ ಖರ್ಚು ಮಾಡ್ತಾಳೆ. ಅದೂ ಅಲ್ದೆ ಬಾಯಲ್ಲಿ ಹಾಲಿರೋವಾಗ ನಗ್ಸಿದ್ರೆ ನೆತ್ತಿಗೇರುತ್ತೆ. ಆಪರೇಷನ್ ಆಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ನಗ್ಸಿ."

ಸರಿ, ಮುಂದಿನ ಸಲ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಯಜಮಾನಿ ಒಂದು ಗುಟುಕು ಎಳೆದು ನನ್ನ ಬಾಯಿ ನೋಡಿದಳು. ಇನ್ನೊಂದು ಗುಟುಕು, ಮತ್ತೆ ನೋಟ. ಆಮೇಲೆ ತುಟಿ ಸೊಟ್ಟಗೆ ಮಾಡಿ ಅಳುವುದಕ್ಕೇ ಶುರು. ಅತ್ತರೆ ನಗುವಿಗಿಂತ ಹೆಚ್ಚು ಆಯಾಸ, ತುಟಿ ಬೇರೆ ನೀಲಿಗೆ ತಿರುಗುತ್ತದೆ. ಸಿಸ್ಟರ್ ಓಡಿಬಂದಳು.

"ಮಾತಾಡಿ ತಾತ, ಮಾತಾಡಿ! ಆ ದನಿ ಅಭ್ಯಾಸ ಆಗ್ಬಿಟ್ಟಿದೆ ಅವಳಿಗೆ. ಆದ್ರೆ ನಗು ಬರೋದು ಬೇಡ. ಸಪ್ಪೆ ವಿಷಯ, ನಿಜವಾದ್ದು ಏನಾದ್ರೂ ಹೇಳಿ."

"ನಿಜಾನಾ? ನಮ್ಮಪ್ಪನಾ?" ಅಂದಳು ಮಗಳು. "ಸಿಸ್ಟರ್, ಬೇರೆ ಯಾವ ಔಷಧೀನೂ ಇಲ್ವಾ?"

ನಾನು ತಲೆ ಕೆರೆದುಕೊಂಡೆ. ನನ್ನ ಹತ್ತಿರ ಇದ್ದ ಕಥೆಗಳಲ್ಲಿ ಎಲ್ಲಿ ಕೈಹಾಕಿದರೂ ಹಾರುವ ಏಣಿ, ಮಾತಾಡುವ ಹಲ್ಲಿ. ಬಣ್ಣ ಹೊಡೆಯುವುದೊಂದು ಬಿಟ್ಟರೆ ನಿಜವಾದದ್ದು ಏನೂ ಇರಲಿಲ್ಲ. ಸರಿ, ಅದನ್ನೇ ಹಿಡಿದೆ.

"ಮೊದ್ಲು ಗೋಡೆ ಕೆರೀಬೇಕು, ಯಜಮಾನಿ. ಹಳೇ ಬಣ್ಣ ಎಲ್ಲಾ ಹೋಗ್ಬೇಕು. ಆಮೇಲೆ ಧೂಳು ಒರೆಸ್ಬೇಕು. ಬಿರುಕಿಗೆ ಪುಟ್ಟಿ ತುಂಬ್ಬೇಕು."

ಯಜಮಾನಿ ನನ್ನ ಮುಖವನ್ನೇ ನೋಡುತ್ತ ಎಳೆದಳು. ಚುಕ್, ಚುಕ್, ಚುಕ್. ನಗಲಿಲ್ಲ, ಅಳಲಿಲ್ಲ.

"ಈಗ ಒಣಗ್ಬೇಕು," ಅಂದು ಬಾಟಲಿ ತೆಗೆದೆ. ಅವಳ ಎದೆ ಏರಿಳಿಯುವುದು ಮೆಲ್ಲಗಾಗುವ ತನಕ ಇಬ್ಬರೂ ಆ ಗೋಡೆ ಒಣಗಲಿ ಎಂದು ಕಾದೆವು. "ಒಣಗ್ತು. ಈಗ ಮರಳು ಕಾಗದ ಹಾಕಿ ಉಜ್ಬೇಕು. ಮೇಲಿಂದ ಕೆಳಗೆ. ಅವಸರ ಇಲ್ಲ."

ಮೊದಲನೆಯ ಕೋಟ್, ಒಣಗಲು ಬಿಡುವು. ಎರಡನೆಯ ಕೋಟ್, ಮತ್ತೆ ಬಿಡುವು. ಆ ಕೋಣೆಯಲ್ಲಿ ಅಂಥ ಸಪ್ಪೆ ಕಥೆ ಯಾರೂ ಕೇಳಿರಲಾರರು. ಪಕ್ಕದ ಮಂಚದ ತಾಯಿ ಕೂತಲ್ಲೇ ತೂಕಡಿಸಿದಳು, ಅವಳ ಗಂಡ ಗೊರಕೆ ಹೊಡೆದ. ಯಜಮಾನಿ ಮಾತ್ರ ಮೂರು ಗೋಡೆ ಮುಗಿಸಿ ನಾಲ್ಕನೆಯದಕ್ಕೆ ಬಂದಳು. ಅವತ್ತು ನಳಿಗೆಗೆ ಉಳಿದದ್ದು ತಳದ ಒಂದಿಷ್ಟು.

ದಿನಾ ಅದೇ ಗೋಡೆ, ಅದೇ ಪುಟ್ಟಿ. ನನಗಾದ ಸಂಕಟ ಶತ್ರುವಿಗೂ ಬೇಡ. ಒಂದು ಮಧ್ಯಾಹ್ನ ತಡೆಯಲಾಗದೆ, "ಹಿಂಗೆ ಕೆರೀತಾ ಇದ್ದಾಗ ಗೋಡೆ ಒಳಗಿಂದ ಯಾರೋ ಸೀನಿದಂಗೆ..." ಅಂದೆನೋ ಇಲ್ಲವೋ, ಮಗಳು ಕಣ್ಣು ಕೆಕ್ಕರಿಸಿದಳು.

"ಅಪ್ಪಾ! ಗೋಡೆ ಗೋಡೆಯಾಗೇ ಇರ್ಲಿ."

"ಯಾರೂ ಸೀನ್ಲಿಲ್ಲ," ಅಂದೆ ಯಜಮಾನಿಗೆ. "ಪುಟ್ಟಿ ಒಣಗ್ತು, ಅಷ್ಟೇ."

ಕೆಲವು ವಾರ ಕಳೆದು, ಆಪರೇಷನ್ ಈಗಲೋ ಇನ್ನೂ ಮುಂದಕ್ಕೋ ಎಂದು ಡಾಕ್ಟರು ತೀರ್ಮಾನ ಹೇಳುವ ದಿನ ಬಂತು. ಬೆಳಿಗ್ಗೆ ಸಿಸ್ಟರ್ ಯಜಮಾನಿಯ ಬಟ್ಟೆಯೆಲ್ಲ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದಳು. ಅಂಕಿಗಳು ಕುಣಿದವು. ನಾನು ಹತ್ತಿರ ಬಗ್ಗಿದೆ.

"ತಾತ, ಕೈ ತೆಗೀರಿ."

"ಹಿಡ್ಕೊಂಡಿದ್ದೆ ಅಷ್ಟೇ ತಾಯಿ, ಒತ್ತಿರ್ಲಿಲ್ಲ."

ಕೈ ತೆಗೆದೆ. ಅಂಕಿ ನಿಂತಿತು. ಐದು ಕಿಲೋ, ಮೇಲೊಂದು ಚಿಟಿಕೆ. ಮಗಳು ಉಸಿರು ಬಿಡುವಷ್ಟರಲ್ಲಿ, ಸಿಸ್ಟರ್ "ತಡೀರಿ" ಅಂದು ಮಗುವಿನ ಪಾದ ಒತ್ತಿ ನೋಡಿದಳು, ಕಣ್ಣಿನ ರೆಪ್ಪೆ ನೋಡಿದಳು. ಇಂಥ ಮಕ್ಕಳ ಮೈಯಲ್ಲಿ ನೀರು ನಿಂತರೂ ತೂಕ ಏರುತ್ತದಂತೆ, ಅದು ಲೆಕ್ಕಕ್ಕಿಲ್ಲವಂತೆ.

"ಊತ ಇಲ್ಲ," ಅಂದಳು ಕೊನೆಗೆ. ಮೊದಲ ಸಲ ಆ ಮುಖದಲ್ಲಿ ಹಲ್ಲು ಕಂಡೆ. "ಇದು ಹಾಲಿನ ತೂಕಾನೇ."

ದೊಡ್ಡ ಡಾಕ್ಟರು ಬಂದು, ಎದೆಗೆ ಕೊಳವೆಯಿಟ್ಟು ಕೇಳಿ, ಗುರುವಾರ ಆಪರೇಷನ್ ಎಂದರು. ಮುಂದಕ್ಕೆ ಹಾಕುವ ಮಾತೇ ಇಲ್ಲ.

ಮಗಳು ಹೊರಗಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಾಳೇನೋ ಅಂದುಕೊಂಡು ಯಜಮಾನಿಯನ್ನು ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ಅಪ್ಪ, ಹಸಿವಾಗ್ತಾ ಇದೆ," ಅಂದಳು. "ತುಂಬಾ."

ಯಜಮಾನಿಯನ್ನು ಅವಳ ಕೈಗೆ ಕೊಟ್ಟು ಕ್ಯಾಂಟೀನಿಗೆ ಓಡಿ ಇಬ್ಬರಿಗೂ ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು ತಂದೆ. ಅವಳು ತನ್ನ ಪಾಲು ಮುಗಿಸಿದಳು. ಆಮೇಲೆ, ಮಗುವಿನ ಮುಖ ನೋಡುತ್ತಲೇ, ಕೈ ಚಾಚಿ ನನ್ನದನ್ನೂ ಮುಗಿಸಿದಳು. ಬಾಳೆಹಣ್ಣಿನ ಸಿಪ್ಪೆ ಕೈಗೆ ಬಂದಾಗ ಎಚ್ಚರವಾಯಿತು.

"ಅಯ್ಯೋ ಅಪ್ಪ, ನಿಂಗೆ?"

"ನಂದು ಅಲ್ಲೇ ಆಯ್ತು ಕಣೇ, ಹೊಟ್ಟೆ ಬಿರಿಯೋ ಹಂಗೆ ತಿಂದು ಬಂದೆ," ಅಂದೆ.

ಗೋಡೆಯ ಕಥೆ ಹಿಡಿದ ಮೇಲೆ ನಾನು ಪೂರ್ತಿ ಹೇಳಿ ಮುಗಿಸಿದ ಸುಳ್ಳು ಅದೊಂದೇ.