ಹುಣಸಮಾರನಹಳ್ಳಿಯ ಎರಡೂವರೆ ಅಡಿ ಸಮುದ್ರ

ಹುಣಸಮಾರನಹಳ್ಳಿಯ ಸಮಸ್ತ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ನಮ್ಮೂರಿಗೆ ಸಾಕ್ಷಾತ್ ಸಮುದ್ರವೇ ಆಗಮಿಸಿದ್ದು, ಮುನಿಗಂಗಮ್ಮನವರ ಮನೆಯ ಹಾಲ್‌ನಲ್ಲಿ ಬಿಜಯಂಗೈದಿದೆ. ಉದ್ದ ಎರಡೂವರೆ ಅಡಿ, ಅಗಲ ಒಂದೂವರೆ. ಅಲೆಗಳು ಕರೆಂಟ್ ಇದ್ದಾಗ ಮಾತ್ರ.

ಈ ಸಮುದ್ರವನ್ನು ತಂದವನು ಮುನಿಗಂಗಮ್ಮನ ಹಿರಿಮಗ ಅನಂತರಾಜು. ಮೀನಿನ ಮೇಲಿನ ಪ್ರೀತಿಯಿಂದ ತಂದ ಎಂದರೆ ಅವನಿಗೇ ನಗು ಬಂದೀತು. ತಂದದ್ದು ತಮ್ಮ ಅಶ್ವತ್ಥನ ಮೇಲಿನ ದ್ವೇಷದಿಂದ.

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಗಿತ್ತು. ಕೆಳಗಿನ ಕೋಣೆಗಳು ಅಣ್ಣನಿಗೆ, ಮಹಡಿ ತಮ್ಮನಿಗೆ. ಪಾಲಾಗದೆ ಉಳಿದದ್ದು ಹಾಲ್ ಒಂದೇ. ಅದಕ್ಕೂ ಅಣ್ಣ ತಮ್ಮ ಸೇರಿ ಹುಳಿ ಹಿಂಡಿದರು. ಏರ್‌ಪೋರ್ಟ್ ರಸ್ತೆಗೆ ಮುಖ ಮಾಡಿದ ಹಾಲ್ ಅದು. ಕಿಟಕಿ ಕಿತ್ತು ಶಟರ್ ಇಟ್ಟರೆ ಅಂಗಡಿ, ಬೋರ್ಡು ಹಾಕಿದರೆ ಆಫೀಸು. ತಮ್ಮ ಬುಲೆಟ್ ಗಾಡಿ ತಂದು ಹಾಲ್‌ನ ಮಧ್ಯೆ ನಿಲ್ಲಿಸಿದ. ಅಣ್ಣ ಅದಕ್ಕೆ ಅಂಟಿಕೊಂಡಂತೆ ದಿವಾನ್ ಹಾಕಿ, ಸೈಲೆನ್ಸರಿಗೆ ಕಾಲು ಕೊಟ್ಟು ಮಲಗಿದ. ಕೊನೆಗೆ ಮುನಿಗಂಗಮ್ಮ ತನ್ನ ಅಣ್ಣ ಚಿಕ್ಕಬೈರಪ್ಪನಿಗೆ ಹೇಳಿಕಳಿಸಿದಳು.

ಚಿಕ್ಕಬೈರಪ್ಪ, ಕಣದಲ್ಲಿ ಯಾರ ಬಣವೆ ನಿಂತಿದೆಯೋ ಕಣ ಅವರದು ಎನ್ನುವ ಕಾಲದ ಮನುಷ್ಯ. ಗಾಡಿಯನ್ನೂ ದಿವಾನನ್ನೂ ಹೊರಗೆ ಹಾಕಿಸಿ ತೀರ್ಪು ಕೊಟ್ಟ.

"ಏಳೋದು ಕೇಳ್ರಲಾ. ಎತ್ತಿ ಅತ್ಲಾಗಿ ಮಡಗೋ ಸಾಮಾನು ನಂಗೆ ಲೆಕ್ಕಕ್ಕಿಲ್ಲ. ಒಸತೊಡಕಿಗೆ ಬತ್ತೀನಿ. ಅಷ್ಟೊತ್ತಿಗೆ ಎತ್ತಾಕಾಗದಂತದ್ದು ಯಾರ್ದು ಕುಂತಿರ್ತದೋ, ಆಲ್ ಅವನ್ದು. ಗೋಡೆ ಕಟ್ಟಂಗಿಲ್ಲ, ನೆಲ ಅಗೆಯಂಗಿಲ್ಲ."

ಯುಗಾದಿಯ ಮಾರನೆಯ ದಿನದ ಬಾಡೂಟಕ್ಕೆ ಹೊಸತೊಡಕು ಎಂದು ಹೆಸರಿಟ್ಟವರು ಈ ಮನೆಯನ್ನು ನೋಡಿಯೇ ಇಟ್ಟಿರಬೇಕು.

ಎತ್ತಲಾಗದ್ದು ಏನಿದೆ ಎಂದು ಅನಂತರಾಜು ಊರೆಲ್ಲ ಹುಡುಕಿದ. ಬೀರು ಎತ್ತಬಹುದು. ಒರಳುಕಲ್ಲು ಉರುಳಿಸಬಹುದು. ಕಡೆಗೆ ಯಲಹಂಕದಲ್ಲಿ ತಾಜುದ್ದೀನನ ಮೀನಿನ ಅಂಗಡಿ ಮುಂದೆ ಟೀ ಕುಡಿಯುತ್ತಿದ್ದಾಗ, ಅವನು ಇನ್ಯಾರಿಗೋ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು.

"ಸಿಹಿನೀರಿನ ಟ್ಯಾಂಕು ಬಾಡಿಗೆ ಮನೆ ಇದ್ದಂಗೆ ಸಾರ್, ಯಾವಾಗ ಬೇಕಾದ್ರೂ ಖಾಲಿ ಮಾಡ್ಬೋದು. ಉಪ್ಪುನೀರಿಂದು ಸ್ವಂತ ಮನೆ. ಒಂದ್ಸಲ ಕೂರಿಸಿದ್ರೆ ಅಲ್ಲಾಡಿಸ್ಬಾರ್ದು. ಕಲ್ಲು, ಮರಳು, ನೀರು, ಎಲ್ಲಾ ಸೇರಿ ಆನೆ ತೂಕ. ಎತ್ತಕ್ಕೆ ಹೋದ್ರೆ ಗಾಜೂ ಹೋಯ್ತು, ಮೀನೂ ಹೋಯ್ತು."

ಅನಂತರಾಜು ಟೀ ಬಿಟ್ಟು ಒಳಗೆ ನುಗ್ಗಿದ. "ಎತ್ತಕ್ಕೆ ಆಗೋದೇ ಇಲ್ವಾ?"

"ಇಲ್ಲ ಸಾರ್. ಅದೊಂದೇ ಇದರಲ್ಲಿ ಪ್ರಾಬ್ಲಮ್ಮು."

"ಪ್ಯಾಕ್ ಮಾಡ್ರಿ."

ಸಮುದ್ರ ಕಟ್ಟುವುದು ಲೇಔಟ್ ಕಟ್ಟಿದಷ್ಟು ಸುಲಭವಲ್ಲ. ಕೊಳಾಯಿ ನೀರು ಆಗದು, ಫಿಲ್ಟರ್ ನೀರೇ ಬೇಕು. ಅಡುಗೆ ಉಪ್ಪು ಆಗದು, ಅಂಗಡಿಯ ಸಮುದ್ರದುಪ್ಪೇ ಬೇಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಮೀಟರ್ ಇಟ್ಟು ಅಳೆದು ಸುರಿಯಬೇಕು. ಸುರಿದ ಮೇಲೂ ಕೆಲವು ವಾರ ಮೀನು ಬಿಡಬಾರದು, ಕಲ್ಲು ಮರಳಿನಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟುವ ತನಕ ಖಾಲಿ ನೀರು ನೋಡುತ್ತ ಕೂರಬೇಕು. ಆ ವಾರಗಳಲ್ಲಿ ಅಶ್ವತ್ಥ ದಿನಾ ಮೆಟ್ಟಿಲಿಳಿದು ಬಂದು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದ.

"ಉಪ್ಪುನೀರು ರೆಡಿ. ಮಾವಿನಕಾಯಿ ಯಾವಾಗ ಹಾಕ್ತೀಯಣ್ಣ?"

"ನಿನ್ನನ್ನೇ ಹಾಕ್ತೀನಿ, ಬಾ."

"ನಾನು ನಿಮ್ಮನೆ ಉಪ್ಪು ಮುಟ್ಟೋದು ಬಿಟ್ಟು ವರ್ಷ ಆಯ್ತು."

ಯುಗಾದಿಗೆ ಸ್ವಲ್ಪ ಮುಂಚೆ ಎರಡು ಕ್ಲೌನ್ ಮೀನು ಬಂದವು. ಕಿತ್ತಳೆ ಮೈಗೆ ಬಿಳಿ ಪಟ್ಟೆ. ಊರಿನವರು ಹಾಲಿನವನಿಂದ ಹಿಡಿದು ಕೇಬಲ್ಲಿನವನ ತನಕ ಬಂದು ಬಾಯಿ ಬಿಟ್ಟು ನೋಡಿದರು. ಅನಂತರಾಜು ಶಟರಿನವನಿಗೆ ಬಂದು ಅಳತೆ ತಗೋ ಎಂದ.

ಅಷ್ಟರಲ್ಲಿ ಮೀಟರ್ ಏರತೊಡಗಿತು. ನೀರಿನಲ್ಲಿ ಉಪ್ಪು ದಿನದಿಂದ ದಿನಕ್ಕೆ ಜಾಸ್ತಿ. ತಾಜುದ್ದೀನನಿಗೆ ಫೋನ್ ಮಾಡಿದರೆ, "ನೀರು ಆವಿ ಆಗತ್ತೆ, ಉಪ್ಪು ಅಲ್ಲೇ ಉಳಿಯತ್ತೆ ಸಾರ್. ಕಡಿಮೆ ಆದಷ್ಟು ಬರೀ ನೀರು ಹಾಕಿ" ಎಂದ. ಹಾಕಿದ. ಮೀಟರ್ ಮತ್ತೆ ಏರಿತು. ಮೀನುಗಳು ಮೂಲೆ ಸೇರಿದವು.

ಅನಂತರಾಜುವಿಗೆ ಎಲ್ಲ ಅರ್ಥವಾಯಿತು. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ. "ಲೋ ಅಶ್ವತ್ಥ! ಇಳಿಯೋ ಕೆಳಗೆ! ನನ್ನ ಟ್ಯಾಂಕಿಗೆ ಉಪ್ಪು ಸುರೀತೀಯೇನೋ?"

ಮೇಲಿನಿಂದ ಇಣುಕಿದವಳು ಅಶ್ವತ್ಥನ ಹೆಂಡತಿ ಇಂದು. "ಭಾವ, ನಮ್ಮನೆ ಸಾರಿಗೇ ಉಪ್ಪು ಕಮ್ಮಿ ಅಂತ ಇವರು ದಿನಾ ಗೊಣಗ್ತಾರೆ. ನಿಮ್ಮ ಮೀನಿಗೆ ಎಲ್ಲಿಂದ ತರ್ಲಿ?"

"ಮಾವ ಬರ್ಲಿ. ಎಲ್ಲರ ಮುಂದೆ ಕೇಳ್ತೀನಿ. ಉಪ್ಪು ಹಾಕಿದವರ ಕೈ ಹಿಡೀತೀನಿ."

ಹೊಸತೊಡಕಿನ ಮಧ್ಯಾಹ್ನ ಚಿಕ್ಕಬೈರಪ್ಪ ಮಟನ್ ಸಾರು ಮುದ್ದೆ ಮುಗಿಸಿ, ಟವೆಲ್ಲಿನಲ್ಲಿ ಮೀಸೆ ಒರೆಸಿಕೊಂಡು ಹಾಲ್‌ಗೆ ಬಂದ. ಟ್ಯಾಂಕಿಗೆ ಕೈ ಕೊಟ್ಟು ತಳ್ಳಿದ. ಅದು ಜಗ್ಗಲಿಲ್ಲ. ಅಶ್ವತ್ಥನನ್ನು ಕರೆದು ಎತ್ತಲು ಹೇಳಿದ. ಅವನ ಕುತ್ತಿಗೆಯ ನರ ಉಬ್ಬಿತೇ ಹೊರತು ಟ್ಯಾಂಕು ಮಿಸುಕಲಿಲ್ಲ.

"ಜೋರಾಗಿ ಎಳಿಯೋ," ಅನಂತರಾಜು ಹಲ್ಲು ಕಿರಿದ. "ಅಂಡವಾಯು ಬರ್ಲಿ."

"ಎತ್ತಾಕಾಗಲ್ಲ ಕಣ್ಲಾ ಇದು," ಎಂದ ಚಿಕ್ಕಬೈರಪ್ಪ. "ಅಂಗಾರೆ ಆಲ್..."

ಅಲ್ಲಿಗೆ ಅನಂತರಾಜು ಸುಮ್ಮನಿದ್ದಿದ್ದರೆ ಶಟರ್ ಏಳುತ್ತಿತ್ತು. ಆದರೆ ಗೆದ್ದರೆ ಸಾಲದು, ತಮ್ಮ ಸೋತದ್ದು ಊರಿಗೆ ಕೇಳಿಸಬೇಕು.

"ತಡಿ ಮಾವ. ಮೊದಲು ಒಂದು ನ್ಯಾಯ ಆಗ್ಲಿ. ಇದರಲ್ಲಿ ಯಾರೋ ಕದ್ದು ಉಪ್ಪು ಸುರೀತಿದಾರೆ. ಯಾರು ಅಂತ ಇಲ್ಲೇ ಬಾಯಿ ಬಿಡಿಸು."

ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮುನಿಗಂಗಮ್ಮ ಬಾಯಿ ಬಿಟ್ಟಳು.

"ನಾನೇ ಕಣ್ಲಾ. ಬಂದ್ಬಂದೋರೆಲ್ಲ ಗುಡ್ಡೆ ಬಿಟ್ಕೊಂಡು ನೋಡ್ತಿದ್ರು. ಕಣ್ಣಾಗ್ತದೆ ಅಂತ ದಿನಾ ಸಂಜೆ ಇಡಿ ಉಪ್ಪು ತಕ್ಕೊಂಡು, ಮೂರ್ ಸತಿ ನಿವಾಳಿಸಿ, ದೃಷ್ಟಿ ತೆಗೀತಿದ್ದೆ."

"ತೆಗೆದ ಉಪ್ಪು?" ಚಿಕ್ಕಬೈರಪ್ಪನ ಟವೆಲ್ ಹೆಗಲಿಂದ ಜಾರಿತು.

"ಮೂರು ದಾರಿ ಕೂಡೋ ತಾವ್ಕೆ ಆಕ್ಬೇಕು. ಆ ಜಾಗದ ಮೇಲೆ ಫ್ಲೈಓವರ್ ಕುಂತೈತೆ, ರಸ್ತೆ ದಾಟಾಕೆ ನನ್ ಮಂಡಿ ಬರಲ್ಲ. ಎಂಗೂ ಉಪ್ಪುನೀರು ತಾನೆ ಅಂತ ಇದ್ರಾಗೇ ಕರಗಿಸ್ದೆ. ಮೆಣಸಿನಕಾಯಿ ಆಕ್ಲಿಲ್ಲಪ್ಪ. ಮೀನಿಗೆ ಕಣ್ಣುರಿ."

ಚಿಕ್ಕಬೈರಪ್ಪ ಟ್ಯಾಂಕಿಗೆ ತಾಗಿದ್ದ ಕೈಯನ್ನು ಪಂಚೆಗೆ ಉಜ್ಜಿಕೊಂಡು ಬಾಗಿಲ ತನಕ ಹಿಂದಕ್ಕೆ ಸರಿದ. "ಊರ್ನೋರ ಕಣ್ಣೆಲ್ಲ ಕರಗ್ಸಿ ಒಳಗೆ ಮಡಿಕ್ಕೊಂಡಿದೀರಲ್ರೋ! ದೃಷ್ಟಿ ತೆಗೆದ ಉಪ್ಪು ಒಸ್ತಿಲೊಳಗೆ ಇರಂಗಿಲ್ಲ. ದೀಪ ಅಚ್ಚೋದ್ರೊಳಗೆ ಈಚೆಗೆ ಚೆಲ್ಲಿ!"

"ಮಾವ, ಎತ್ತಕ್ಕೆ ಆಗಲ್ಲ ಅಂತ ಈಗ ತಾನೇ ನೀನೇ ಹೇಳ್ದೆ!"

"ಏಳ್ದೆ. ಎತ್ತಾಕಾಗದ್ದು ಅಂದ್ರೆ ಆಲ್ ನಿಂದು. ಇದು ಎತ್ತಲೇ ಬೇಕಾದ್ದು. ಲೆಕ್ಕಕ್ಕೆ ಬರಲ್ಲ."

ಅಶ್ವತ್ಥನಿಗೆ ಆ ಕ್ಷಣದಲ್ಲೇ ಎಲ್ಲಿಲ್ಲದ ದೈವಭಕ್ತಿ ಹುಟ್ಟಿತು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ, ಬಕೆಟ್ ಮೇಲೆ ಬಕೆಟ್ ಸಮುದ್ರವನ್ನು ಸರ್ವಿಸ್ ರಸ್ತೆ ದಾಟಿಸಿ ಚೆಲ್ಲಿ ಬಂದ. ಕಲ್ಲು ಹೋಯಿತು, ಮರಳು ಹೋಯಿತು. ಕಡೆಗೆ ಖಾಲಿ ಗಾಜಿನ ಪೆಟ್ಟಿಗೆಯನ್ನು ಹೂವಿನ ಬುಟ್ಟಿಯಂತೆ ಎತ್ತಿ ಹೆಗಲ ಮೇಲಿಟ್ಟುಕೊಂಡ.

"ಎಲ್ಲಿ ಇಡ್ಲಣ್ಣ? ಎತ್ತಿ ಅತ್ಲಾಗಿ ಇಡೋ ಸಾಮಾನು, ಭಾರ ಏನಿಲ್ಲ."

ಅನಂತರಾಜು ಎರಡೂ ಮೀನು ಬಿಟ್ಟಿದ್ದ ಪ್ಲಾಸ್ಟಿಕ್ ಕವರ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಖ ಮೀನಿಗಿಂತ ಕೆಂಪಾಗಿತ್ತು. ಅವನನ್ನು ನೋಡಿ ಮುನಿಗಂಗಮ್ಮ ಒಳಗೆ ಹೋಗಿ, ಮುಷ್ಟಿ ಬಿಗಿಹಿಡಿದು ಬಂದಳು.

"ಅಲ್ಲಾಡ್ಬ್ಯಾಡ, ನಿಂತ್ಕೊ. ನಿಂಗೇ ಕಣ್ಣಾಗೈತೆ."