ಮೊದಲ ಬಹುಮಾನದ ಸಾವು

ಕಥೆಯಲ್ಲಿ ಅಪ್ಪ ಸತ್ತ ಜಾಗಕ್ಕೆ ಬಂದೊಡನೆ ಕರಿಬಸವಯ್ಯ ಓದುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು, ಷಡಕ್ಷರಪ್ಪನವರ ಮುಖ ನೋಡಿದ.

"ಓದಯ್ಯ, ಓದು. ಸತ್ತೋನು ನಾನು. ನಿನಗ್ಯಾಕೆ ಗಾಬರಿ?" ಎಂದರು ಷಡಕ್ಷರಪ್ಪ.

ಅರಸೀಕೆರೆಯ ಅವರ ಕೊಬ್ಬರಿ ಮಂಡಿಯಲ್ಲಿ ಆ ಬೆಳಗ್ಗೆ ವ್ಯಾಪಾರ ನಿಂತಿತ್ತು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಮಗ ರೇವಣಸಿದ್ಧ, ವಿಶ್ವವಿದ್ಯಾನಿಲಯದ ಕಥಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದು ರೈಲಿಳಿದಿದ್ದ. ಕಥೆ ಅಚ್ಚಾದ ಸಂಚಿಕೆಯನ್ನು ತಂದೆಗೆ ತೋರಿಸುವ ಇರಾದೆ ಅವನಿಗಿರಲಿಲ್ಲ. ಆದರೆ ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಅಪ್ಪ ಸಂಚಿಕೆಯನ್ನು ಕಿತ್ತುಕೊಂಡು ಗುಮಾಸ್ತೆ ಕರಿಬಸವಯ್ಯನ ಕೈಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಓದು ಎಂದಿದ್ದರು. ದಲ್ಲಾಳಿ ಚನ್ನಪ್ಪ ಕೂಡ ತಕ್ಕಡಿ ಬಿಟ್ಟು ಬಂದು ಮೂಟೆಯ ಮೇಲೆ ಕೂತಿದ್ದ.

ಒಬ್ಬ ಕೊಬ್ಬರಿ ವರ್ತಕ ಸಾಯುತ್ತಾನೆ. ಓದಿದ ಮಗನಿಗೆ ಅಳು ಬರುವುದಿಲ್ಲ. ಅಷ್ಟೇ ಕಥೆ. ತೀರ್ಪುಗಾರರು ಅನುಭವದ ಪ್ರಾಮಾಣಿಕತೆಯನ್ನು ಹೊಗಳಿದ್ದರು. ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಕೈ ಹಿಡಿದು ಸಮಾಧಾನ ಹೇಳಿದಾಗ, ಅಪ್ಪ ಬದುಕಿದ್ದಾರೆ ಎನ್ನದೆ ರೇವಣಸಿದ್ಧ ಸುಮ್ಮನೆ ತಲೆ ತಗ್ಗಿಸಿದ್ದ.

ಕರಿಬಸವಯ್ಯ ಗಂಟಲು ಸರಿಮಾಡಿಕೊಂಡ. "ಚಿತೆಗೆ ನಾನೇ ಕೊಳ್ಳಿ ಇಟ್ಟೆ. ಕಣ್ಣಲ್ಲಿ ನೀರು ಬಂತು. ಅದು ಹೊಗೆಗೆ."

ರೇವಣಸಿದ್ಧನಿಗೆ ಬಹಳ ಮೆಚ್ಚಿಗೆಯಾಗಿದ್ದ ಸಾಲು.

"ಎಲಾ ಇವನ! ಸುಟ್ಟೇಬಿಟ್ನಾ?" ಎಂದ ಚನ್ನಪ್ಪ.

ಮಂಡಿಯೆಲ್ಲ ನಕ್ಕಿತು. ಷಡಕ್ಷರಪ್ಪ ನಗಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡರು.

"ನಮ್ಮನ್ನ ಸುಡ್ತಾರೇನೋ, ರೇವಣ?"

ಅವನಿಗೆ ಹೊಳೆದದ್ದು ಆಗಲೇ. ತಾತನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆ ಸುರಿದು ಮಣ್ಣು ಮುಚ್ಚಿದ್ದನ್ನು ಅವನೇ ಕಂಡಿದ್ದ. ಬರೆಯುವಾಗ ಅದು ನೆನಪಿಗೇ ಬಂದಿರಲಿಲ್ಲ. ಓದಿದ ಕಥೆಗಳಲ್ಲೆಲ್ಲ ಅಪ್ಪಂದಿರು ಚಿತೆ ಏರುತ್ತಿದ್ದರು, ತನ್ನಪ್ಪನನ್ನೂ ಏರಿಸಿಬಿಟ್ಟಿದ್ದ. ಮಂಡಿಯವರ ಮುಂದೆ ನಾಚಿಕೆಯಾಯಿತು. ಅಪ್ಪನ ಮುಂದೆ ಏನೂ ಆಗಲಿಲ್ಲ. ಅದರಿಂದ ಅವನಿಗೆ ಸ್ವಲ್ಪ ಹೆದರಿಕೆಯಾಯಿತು.

"ಅದು ಕಥೆ, ಅಪ್ಪ."

"ಕೊಬ್ಬರಿ ನಂದು, ಮಂಡಿ ನಂದು, ಕೆಮ್ಮು ನಂದು. ಸಾವು ಮಾತ್ರ ಯಾರ್ದೋ."

"ಅದು ಒಂಥರಾ ಸಂಕೇತ..."

"ಹಂಗಂದ್ರೆ?"

"ಏನಿಲ್ಲ, ಬಿಡಿ."

ಷಡಕ್ಷರಪ್ಪ ಎದ್ದು ಹೆಗಲಿಗೆ ವಲ್ಲಿ ಹಾಕಿಕೊಂಡರು. "ನಡಿ, ಕಣಕಟ್ಟೆ ತೋಟಕ್ಕೆ ಹೋಗಿ ಬರಾಣ."

ಬಸ್ಸಿನಲ್ಲಿ ಅಪ್ಪ, ತಿಂಡಿ ತಿಂದೆಯಾ ಎಂದು ಕೇಳಿದರು. ಹೂಂ ಎಂದ. ತಿಂದಿರಲಿಲ್ಲ.

"ಎಷ್ಟು ಜನ ಬರೆದಿದ್ರು?"

"ತುಂಬ ಜನ."

"ಅವರ ಅಪ್ಪಂದ್ರೂ ಸತ್ರಾ?"

ರೇವಣಸಿದ್ಧ ಕಿಟಕಿಯ ಕಡೆ ತಿರುಗಿದ. ಹೌದೆನ್ನಬಹುದಿತ್ತು. ಆ ವರ್ಷದ ಸ್ಪರ್ಧೆಯಲ್ಲಿ ಸುಮಾರು ಅಪ್ಪಂದಿರು ಸತ್ತಿದ್ದರು.

ತೋಟದಲ್ಲಿ ತೆಂಗಿನ ಸಸಿಗೆಂದು ಹೊಸ ಗುಂಡಿಗಳನ್ನು ತೋಡಿಸಿದ್ದರು. ಆಳುಗಳು ಉಣ್ಣಲು ಹೋಗಿದ್ದರು. ಷಡಕ್ಷರಪ್ಪ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಒಂದು ಗುಂಡಿಗೆ ಇಳಿದರು. ಇಳಿದು ಪದ್ಮಾಸನ ಹಾಕಿ ಕೂತರು. ನೆಲ ಅವರ ಹೆಗಲ ಮಟ್ಟಕ್ಕೆ ಬಂತು.

"ಹಿಂಗೆ ಕೂರಿಸ್ತಾರೆ. ನೋಡ್ಕೋ." ಎಡಗೈಯನ್ನು ತೊಡೆಯ ಮೇಲಿಟ್ಟು ಅಂಗೈ ಬಿಚ್ಚಿದರು.

"ಎದ್ದೇಳಿ ಅಪ್ಪ. ಯಾರಾದ್ರೂ ನೋಡ್ತಾರೆ."

"ನೋಡ್ಲಿ. ಮೈಸೂರಿನೋರೆಲ್ಲ ನೋಡಾಯ್ತಲ್ಲ."

ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ಬಂದ ದನಿ ಮಂಡಿಯ ಯಜಮಾನನದಾಗಿರಲಿಲ್ಲ. "ಸುಟ್ಟಿದ್ದು ಹೋಗ್ಲಿ, ಮರೆತು ಬರೆದೆ. ಅಳು ಬರ್ಲಿಲ್ಲ ಅಂತ ಬರೆದೆಯಲ್ಲ, ಅದು ನಿಜವೇನೋ?"

ಮೈಸೂರಿನಲ್ಲಾಗಿದ್ದರೆ ಇದಕ್ಕೆ ಗಂಟೆಗಟ್ಟಲೆ ಉತ್ತರವಿತ್ತು. ಕಥೆಯ 'ನಾನು' ಬರೆದವನಲ್ಲ ಎನ್ನಬಹುದಿತ್ತು. ಇಲ್ಲಿ ಗುಂಡಿಯೊಳಗಿಂದ ಮುದುಕನೊಬ್ಬ ಕತ್ತೆತ್ತಿ ನೋಡುತ್ತಿದ್ದ. ಸುಳ್ಳು ಹೇಳಿದರೆ ಅಪ್ಪ ಎದ್ದು ಬರುತ್ತಾರೆ, ಇಬ್ಬರೂ ಊಟಕ್ಕೆ ಹೋಗಬಹುದು ಎಂಬುದೂ ಗೊತ್ತಿತ್ತು.

"ಗೊತ್ತಿಲ್ಲ," ಎಂದ.

"ಹೊಗೆಯಿದ್ರೆ ಗೊತ್ತಾಗಕಿಲ್ಲ. ಇಲ್ಲಿ ಹೊಗೆಯಿಲ್ಲ. ಮಣ್ಣು ಹಾಕು ನೋಡಾಣ, ಒಂದು ಹಿಡಿ."

ರೇವಣಸಿದ್ಧ ನಕ್ಕ. ಅಪ್ಪ ಕಣ್ಣು ಮುಚ್ಚಿದ್ದರು.

ಬಗ್ಗಿ ಒಂದು ಹಿಡಿ ಕೆಮ್ಮಣ್ಣು ತೆಗೆದುಕೊಂಡ. ಟೆರಿಲಿನ್ ಷರಟಿನ ತೋಳಿಗೆ ಕೊಳೆಯಾಗದಂತೆ ಕೈ ದೂರ ಹಿಡಿದು ಬಿಟ್ಟ. ಮಣ್ಣು ಹೆಗಲ ಮೇಲೆ ಬಿದ್ದು ಅಂಗಿಯ ಕತ್ತಿನೊಳಕ್ಕೆ ಇಳಿಯಿತು. ಅಪ್ಪ ಕೊಡವಿಕೊಳ್ಳಲಿಲ್ಲ, ರೆಪ್ಪೆ ಮಾತ್ರ ಅದುರಿತು.

"ಬಂತೇನೋ?"

ಬರಲಿ ಎಂದು ಅವನೂ ಆಸೆಪಟ್ಟ. ಬೇರೇನನ್ನೂ ಅಷ್ಟು ಆಸೆಪಟ್ಟಿರಲಿಲ್ಲ. ಗಂಟಲಲ್ಲಿ, ಎದೆಯಲ್ಲಿ ಪ್ರಾಮಾಣಿಕವಾಗಿ ಹುಡುಕಿದ. ಹಸಿವು ಸಿಕ್ಕಿತು. ನೆತ್ತಿಯ ಮೇಲಿನ ಬಿಸಿಲು ಸಿಕ್ಕಿತು.

"ಇನ್ನೂ ಇಲ್ಲ."

"ಹಾಕು, ಮತ್ತೆ," ಎಂದರು ಅಪ್ಪ, ಕಣ್ಣು ತೆರೆಯದೆ.

ರೇವಣಸಿದ್ಧ ಬಗ್ಗಿ, ಈ ಸಲ ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡ.